ಸೀಗೀ ಹುಣ್ಣಿಮೆಯ ಹಿಮ

ನಮ್ಮ ಅತ್ತೆ ಧಾರವಾಡದಿಂದ, ಪರದೇಶದಲ್ಲಿ ನಾವಿರುವ ಥಾರ್ನ್‌ಹಿಲ್‌ಗೆ ಬಂದಿಳಿದ ದಿನವೇ ಒಂದು ಕರಾರು ಹಾಕಿದ್ದರು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲಿ, ಸೀಟ್‌ಬೆಲ್ಟಿನ ಜೊತೆ ಇನ್ನೂ ಜಗಳಾಡುತ್ತಲೇ, ಮುಂದೆ ಕಾರು ಓಡಿಸುತ್ತಿದ್ದ ಮಗನ ಹೆಗಲು ತಟ್ಟಿ ಹೇಳಿದರು:

"ನೋಡಪಾ, ಹಿಮಾ ಬೀಳೂದರೊಳಗ ನನ್ನ ಊರಿಗಿ ಕಳಸಿಬಿಡಬೇಕು. ಹಿಮಾ ಬಿದ್ದ ಮ್ಯಾಲೆ ಒಂದು ದಿನಾನೂ ನಾ ಇಲ್ಲಿ ನಿಂದ್ರಾಕಿ ಅಲ್ಲ."

ಅದು ಏಪ್ರಿಲ್ ಕೊನೆಯ ಮಾತು. ಅವರ ಓಣಿಯ ಯಾರದೋ ಬೀಗಿತ್ತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು ಮನೆ ಮುಂದಿನ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳಂತೆ. ಆ ಕಥೆಯನ್ನು ಅತ್ತೆ ಹೇಳಿದಷ್ಟೂ ಸಲ ಆಕೆ ಮತ್ತೊಂದು ಎಲುಬು ಮುರಿದುಕೊಳ್ಳುತ್ತಿದ್ದಳು. ನಮ್ಮವರು ತಾಯಿಯ ಮಾತು ಮೀರದೆ ನವೆಂಬರ್ ಎರಡನೇ ವಾರಕ್ಕೆ ವಾಪಸು ಟಿಕೆಟ್ ಮಾಡಿಸಿಟ್ಟರು. ಅಷ್ಟರೊಳಗೆ ಹಿಮ ಬೀಳುವುದಿಲ್ಲವೆಂದು ನಾವಿಬ್ಬರೂ ಮತ್ತೆ ಮತ್ತೆ ಭರವಸೆ ಕೊಟ್ಟೆವು.

ಸುಳ್ಳು ಯಾಕೆ ಹೇಳಲಿ, ಆಗ ನನಗೂ ಆ ಕರಾರು ಇಷ್ಟವಾಗಿತ್ತು. ನಾನು ಸ್ವಲ್ಪ ಮುಂಗೋಪಿ. ನನ್ನ ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಬದಲಾದರೆ ನನಗೆ ಸಹಿಸದು. ಅತ್ತೆ ಬಂದ ಎರಡೇ ದಿನದಲ್ಲಿ ಸಾಸಿವೆ ಇದ್ದಲ್ಲಿ ಜೀರಿಗೆ, ಜೀರಿಗೆ ಇದ್ದಲ್ಲಿ ಅವರ ಗುಳಿಗೆಯ ಡಬ್ಬಿ ಬಂದು ಕೂತವು. ನಾನು ಹಲ್ಲು ಕಚ್ಚಿಕೊಂಡು ದಿನ ಎಣಿಸಿದೆ.

ಅವರಿಗೂ ಇಲ್ಲಿ ಬೇಸರವೇ ಆಗಿತ್ತು. ಮೊದಲ ತಿಂಗಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ರಸ್ತೆಯ ಮೇಲೆ ಮನುಷ್ಯರು ಹೋಗುವುದನ್ನು ಕಾಯುತ್ತಿದ್ದರು. "ಮನಿ ಎಲ್ಲಾ ಅದಾವು, ಮಂದಿ ಎಲ್ಲಿ ಹೋಗ್ಯಾರ?" ಎಂದು ಕೇಳುತ್ತಿದ್ದರು. ಮೇ ತಿಂಗಳ ಲಾಂಗ್ ವೀಕೆಂಡಿನಲ್ಲಿ ಸ್ಕಾರ್‌ಬರೋದಲ್ಲಿರುವ ಬೆಳಗಾವಿ ಕಡೆಯ ಗೆಳತಿಯೊಬ್ಬಳು ಮೊಸರಿನ ಡಬ್ಬಿಗಳಲ್ಲಿ ಬೆಳೆಸಿದ ಆರು ಮುಳಗಾಯಿ ಸಸಿ ಕೊಟ್ಟಳು. ಮುಳ್ಳಿನ ತೊಟ್ಟಿನ ಬದನೆಕಾಯಿಗೆ ನಮ್ಮ ಕಡೆ ಮುಳಗಾಯಿ ಎನ್ನುತ್ತೇವೆ, ಎಣ್ಣಿಗಾಯಿ ಪಲ್ಯಕ್ಕೆ ಅದೇ ಆಗಬೇಕು. ಆ ಸಸಿಗಳನ್ನು ನೋಡಿದ್ದೇ ತಡ, ಅತ್ತೆ ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದರು. ಅಂದಿನಿಂದ ಆ ಕಿಟಕಿಯ ಕುರ್ಚಿ ಖಾಲಿ ಬಿತ್ತು.

ನಾನು ಬರೀ ಹುಲ್ಲು ಬೆಳೆಸಿದ್ದ ಜಾಗದಲ್ಲಿ ಅವರು ಮುಳಗಾಯಿ, ಮೆಣಸಿನಕಾಯಿ, ಪುಂಡಿಪಲ್ಯ ಹಾಕಿದರು. ಹೀರೇಬಳ್ಳಿಯನ್ನು ಬೇಲಿಗೆ ಹಬ್ಬಿಸಿದರು. ಬೇಲಿಯ ಆ ಕಡೆ ಇಟಲಿಯ ಒಬ್ಬ ಅಜ್ಜ ಇದ್ದಾನೆ. ಐವತ್ತು ವರ್ಷದಿಂದ ಇಲ್ಲೇ ಇದ್ದರೂ ಅವನ ಇಂಗ್ಲಿಷ್ ಇನ್ನೂ ಕುಂಟುತ್ತದೆ. ಅವನ ಹಿತ್ತಲಲ್ಲಿ ಆಳೆತ್ತರದ ಒಂದು ಅಂಜೂರದ ಗಿಡವಿದೆ. ಅತ್ತೆಗೆ ಇಂಗ್ಲಿಷ್ ಬಾರದು, ಅಜ್ಜನಿಗೆ ಕನ್ನಡ ಬಾರದು. ಹಾಗಿದ್ದರೂ ಇಬ್ಬರೂ ಬೇಸಿಗೆಯಿಡೀ ಬೇಲಿಯ ಮೇಲಿಂದ ಮಾತಾಡಿದರು. ಇವರು ಹೀರೇಕಾಯಿ ಕೊಟ್ಟರೆ ಅವನು ಟೊಮೆಟೊ ಕೊಡುತ್ತಿದ್ದ. ಆಗಸ್ಟಿನಲ್ಲಿ ನಾಲ್ಕು ಹಣ್ಣು ಅಂಜೂರ ಕೊಟ್ಟ ದಿನದಿಂದ ಅತ್ತೆಯ ಬಾಯಲ್ಲಿ ಅವನು "ಅಂಜೂರಿ ಅಜ್ಜ" ಆದ. ಅವನು ಇವರನ್ನು "ಸಿನ್ಯೋರಾ", ಅಂದರೆ ಅಮ್ಮನವರೇ, ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಮಗಳು ಯೂನಿವರ್ಸಿಟಿಗೆಂದು ಬೇರೆ ಊರಿಗೆ ಹೋದಳು. ಮನೆ ಭಣಗುಟ್ಟೀತು ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಕೆಲಸ ಮುಗಿಸಿ ಐದೂವರೆಗೆ ಬಾಗಿಲು ತೆಗೆದರೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಒಳಗಿನಿಂದ "ಬಂದ್ಯಾ? ಚಾ ಇಟ್ಟೇನಿ, ಕೈಕಾಲು ತೊಳಕೊ" ಎಂಬ ಕೂಗು. ಇಪ್ಪತ್ತೆರಡು ವರ್ಷ ಈ ಮನೆಗೆ ನಾನೇ ಬಾಗಿಲು ತೆಗೆದು ನಾನೇ ದೀಪ ಹಾಕಿದವಳು. ನನಗಾಗಿ ಯಾರೋ ಚಹಾ ಇಟ್ಟು ಕಾಯುವುದು ಇಷ್ಟು ಹಿತವೆಂದು ಗೊತ್ತೇ ಇರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದಿತ್ತು. ಅಕ್ಟೋಬರ್ ಹೊತ್ತಿಗೆ ನಾನು ಮತ್ತೆ ದಿನ ಎಣಿಸತೊಡಗಿದೆ, ಈ ಸಲ ಬೇರೆ ಕಾರಣಕ್ಕೆ. ಅವರು ಹೋಗಬಾರದು ಎನಿಸುತ್ತಿತ್ತು.

ವೀಸಾಕ್ಕೇನೂ ಅಡ್ಡಿ ಇರಲಿಲ್ಲ. ಧಾರವಾಡದಲ್ಲಿ ಮೈದುನನ ತುಂಬಿದ ಸಂಸಾರವಿದೆ, ಅಲ್ಲಿ ಅವರಿಲ್ಲದೆ ಏನೂ ನಿಲ್ಲುವಂತಿರಲಿಲ್ಲ. "ಚಳಿಗಾಲ ಮುಗಿಸಿಕೊಂಡು ಹೋಗಿ" ಎಂದು ಒಂದು ಮಾತು ಕೇಳಬೇಕಿತ್ತು, ಅಷ್ಟೇ. ನಮ್ಮವರಿಗೆ ತಾಯಿಯ ಮುಂದೆ ನಾಲಗೆ ಏಳುವುದಿಲ್ಲ. ನನಗೋ ನನ್ನ ಬಿಂಕ. ಕೊನೆಗೆ ಇಬ್ಬರೂ ಕೂಡಿ ಒಂದು ಉಪಾಯ ಮಾಡಿದೆವು. ಸೀಗೀ ಹುಣ್ಣಿಮೆ ಆಗಲಿ, ಹೊಟ್ಟೆ ತುಂಬಾ ಉಂಡು ಅವರು ಖುಷಿಯಲ್ಲಿರುವ ಹೊತ್ತಿಗೆ ಮಾತು ತೆಗೆಯೋಣ ಎಂದುಕೊಂಡೆವು.

ಸೀಗೀ ಹುಣ್ಣಿಮೆ ಎಂದರೆ ನಮ್ಮ ಕಡೆ ಭೂಮಿತಾಯಿಯ ಸೀಮಂತ. ಪೈರು ತುಂಬಿ ನಿಂತ ಹೊಲ ಬಸುರಿ ಎಂದು ಲೆಕ್ಕ. ರೊಟ್ಟಿ, ಪಲ್ಯ, ಕಡುಬು, ಬಾನವೆಂಬ ಮೊಸರನ್ನ ಎಲ್ಲಾ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ ಬಸುರಿಯ ಬಯಕೆ ತೀರಿಸಬೇಕು. ಮುಂದೆ ಹೋಗುವವರು "ಹುಲ್ಲುಲ್ಲಿಗೋ" ಎಂದು ಕೂಗಿ ಅನ್ನ ಚೆಲ್ಲುತ್ತಾರೆ, ಹಿಂದೆ ಬರುವವರು "ಚಲ್ಲಂಬ್ರಿಗೋ" ಎಂದು ನೀರು ಚಿಮುಕಿಸುತ್ತಾರೆ. ಆ ವರ್ಷ ಅಧಿಕಮಾಸ ಬಂದಿದ್ದರಿಂದ ಹುಣ್ಣಿಮೆ ಅಕ್ಟೋಬರಿನ ಕೊನೆಗೆ, ಅದೂ ಶನಿವಾರ ಬಿದ್ದಿತ್ತು. ಬೆಚ್ಚಗಿನ ಶರತ್ಕಾಲ. ಎಲ್ಲರ ಮನೆಯ ಮುಂದೆ ಹ್ಯಾಲೊವೀನ್ ಕುಂಬಳಕಾಯಿ ಕೂತಿದ್ದವು, ಮೇಪಲ್ ಮರಗಳ ಎಲೆ ಇನ್ನೂ ಅರ್ಧ ಉದುರಿರಲಿಲ್ಲ. ನಮ್ಮ ಆರು ಮುಳಗಾಯಿ ಗಿಡಗಳ ಮೇಲೆ ಹುಣ್ಣಿಮೆಗೆಂದೇ ಬಿಟ್ಟ ಹನ್ನೊಂದು ಕಾಯಿ ಇದ್ದವು. ಅತ್ತೆ ದಿನಾ ಬೆಳಿಗ್ಗೆ ಹೋಗಿ ಮುಟ್ಟಿ ಬರುತ್ತಿದ್ದರು.

ಶುಕ್ರವಾರ ಸಂಜೆ ನಾನು ಕಾರು ನಿಲ್ಲಿಸುವಾಗ ಅಜ್ಜ ಬೇಲಿಯ ಹತ್ತಿರ ನಿಂತು, ನೋಯುತ್ತಿದೆ ಎಂಬಂತೆ ಮೊಣಕಾಲು ತಟ್ಟಿ ತೋರಿಸಿದ. "ಟುನೈಟ್ ಸ್ನೋ. ಬಿಗ್ ಸ್ನೋ." ನಾನು ನಕ್ಕು ಫೋನು ತೋರಿಸಿದೆ. ಅದರಲ್ಲಿ ಫ್ಲರೀಸ್ ಎಂದಷ್ಟೇ ಇತ್ತು. ಫ್ಲರೀಸ್ ಎಂದರೆ ಉಪ್ಪು ಉದುರಿಸಿದ ಹಾಗೆ ನಾಲ್ಕು ಚೂರು ಬಿದ್ದು ಹೋಗುವ ಹಿಮ. ಅಜ್ಜ ಫೋನಿನ ಕಡೆ ನೋಡಲೂ ಇಲ್ಲ. ಕಾಯಿ ಎಲ್ಲಾ ಈಗಲೇ ಕಿತ್ತುಕೊಂಡುಬಿಡು ಎಂದು ಕೈ ಮಾಡಿ ಹೇಳಿದ.

ಒಳಗೆ ಹೋಗಿ ಹೇಳಿದರೆ ಅತ್ತೆ ಒಪ್ಪಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಗಿಡದ ಕಾಯಿ ಹರಿಯಬಾರದೆಂಬುದು ಅವರ ತವರುಮನೆಯ ಕಟ್ಟಳೆ.

"ನಾಳೆ ಸೀಮಂತ ಇಟಗೊಂಡು ಇವತ್ತ ಬಸರಿ ಉಡಿ ಖಾಲಿ ಮಾಡ್ತಾರೇನ? ನಾಳೆ ಮುಂಜಾನೆ ಹರೀತೇನಿ, ಹರದು ಪಲ್ಯಾ ಮಾಡ್ತೇನಿ. ಹಿಮಾ ಬೀಳತೈತೇನು? ಖರೇ ಹೇಳು."

ಆ ಕೊನೆಯ ಪ್ರಶ್ನೆಗೆ ನಾನು ಮತ್ತೊಮ್ಮೆ ಫೋನು ನೋಡಿಕೊಂಡೆ. "ಇಲ್ಲರಿ ಅತ್ತೀ, ಫ್ಲರೀಸ್ ಅಂತ. ಲೆಕ್ಕಕ್ಕ ಇಲ್ಲ ಅದು" ಎಂದೆ. ಅವರು ಸಜ್ಜಿ ರೊಟ್ಟಿಗೆ ಎಳ್ಳು ಹಸನು ಮಾಡುತ್ತ ಕೂತರು.

ಆರೂವರೆಗೆ ಬೇಸ್‌ಮೆಂಟಿನಿಂದ ಬಟ್ಟೆ ತರುವಾಗ ಹಿತ್ತಲ ಬಾಗಿಲಿನ ಗಾಜಿನಲ್ಲಿ ನೋಡುತ್ತೇನೆ, ಹತ್ತಿಯ ಉಂಡೆ ಗಾತ್ರದ ಹಿಮ ಬೀಳುತ್ತಿದೆ. ಅತ್ತೆ ಮಹಡಿಯ ಮೇಲೆ ಧಾರವಾಡಕ್ಕೆ ಫೋನು ಹಚ್ಚಿದ್ದರು, ಅವರ ಪರದೆ ಮುಚ್ಚಿತ್ತು. ನಮ್ಮವರು ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾನು ಸಿಕ್ಕ ಎರಡು ಹಳೆಯ ಬೆಡ್‌ಶೀಟು ತೆಗೆದುಕೊಂಡು ಓಡಿದೆ. ಅವು ಎರಡು ಗಿಡಕ್ಕಷ್ಟೇ ಸಾಕಾದವು. ಮತ್ತೆ ಒಳಗೆ ಬಂದು ಸುತ್ತ ನೋಡಿದೆ. ಸೋಫಾದ ಮೇಲೆ ಮಡಚಿಟ್ಟಿದ್ದ ಅತ್ತೆಯ ಕೌದಿ ಕಣ್ಣಿಗೆ ಬಿತ್ತು.

ಆ ಕೌದಿಯನ್ನು ಅತ್ತೆ ತಾವೇ ಹೊಲಿದದ್ದು. ನಮ್ಮ ಮಾವನವರ ಹಳೆಯ ಧೋತರ, ತಮ್ಮ ಇಳಕಲ್ ಸೀರೆಗಳ ತುಂಡು, ಮಕ್ಕಳ ಅಂಗಿ ಎಲ್ಲಾ ಐದು ಪದರ ಕೂಡಿಸಿ, ಎರಡು ಮಳೆಗಾಲ ಕೂತು ಕೈಹೊಲಿಗೆ ಹಾಕಿದ್ದರು. ಸೂಟ್‌ಕೇಸಿನ ಅರ್ಧ ಜಾಗ ತಿಂದು ಅದು ಇಲ್ಲಿಗೆ ಬಂದಿತ್ತು. ನಾವು ಕೊಟ್ಟ ಕಂಫರ್ಟರೆಂಬ ಹಗುರ ಹೊದಿಕೆಯನ್ನು "ಹೊಚ್ಚಿಕೊಂಡ್ರ ಏನೂ ಹೊಚ್ಚಿಕೊಂಡಂಗ ಆಗೂದಿಲ್ಲ" ಎಂದು ಅವರು ಕಪಾಟಿಗೆ ತಳ್ಳಿದ್ದರು. ಮನುಷ್ಯರನ್ನು ಇಷ್ಟು ಬೆಚ್ಚಗಿಡುವ ಕೌದಿ ನಾಲ್ಕು ಗಿಡಗಳನ್ನು ಇಡದೇನು ಎಂದುಕೊಂಡು ನಾನು ಹೊತ್ತೊಯ್ದು ಹೊದಿಸಿದೆ. ಬೇಲಿಯ ಆ ಕಡೆಯಿಂದ ಅಜ್ಜ "ನೋ, ನೋ! ಹೆವಿ!" ಎಂದು ಕೂಗಿದ. ನಾನು ಯಾರ ಮಾತು ಕೇಳಿದವಳು? ಕೈಬೀಸಿ ಒಳಗೆ ಬಂದೆ. ರಾತ್ರಿ ಅತ್ತೆ ಕೌದಿ ಕೇಳಿದಾಗ ಒಗೆಯಲು ಹಾಕಿದ್ದೇನೆ ಎಂದು ಸುಳ್ಳು ಹೇಳಿ ಕಂಫರ್ಟರು ಕೊಟ್ಟೆ.

ಬೆಳಿಗ್ಗೆ ಎದ್ದರೆ ಒಂದು ಗೇಣು ಹಿಮ. ಮೇಪಲ್ ಮರದ ಒಂದು ದೊಡ್ಡ ಟೊಂಗೆ ಎಲೆಗಳ ಸಮೇತ ಮುರಿದು ಡ್ರೈವ್‌ವೇ ಮೇಲೆ ಬಿದ್ದಿತ್ತು. ಎದುರುಮನೆಯ ಕುಂಬಳಕಾಯಿಗಳೆಲ್ಲಾ ಬಿಳಿ ಟೊಪ್ಪಿಗೆ ಹಾಕಿಕೊಂಡಿದ್ದವು. ಮನೆಯಲ್ಲಿ ಯಾವುದೂ ಸಿದ್ಧವಿರಲಿಲ್ಲ. ಹಿಮದ ಸಲಿಕೆ ಗ್ಯಾರೇಜಿನ ಕೊನೆಗೆ, ಎರಡು ಸೈಕಲ್ಲು ಮತ್ತು ಒಂದು ಬಾರ್ಬೆಕ್ಯೂದ ಹಿಂದೆ ಸಿಕ್ಕಿಕೊಂಡಿತ್ತು. ಕಾರಿಗೆ ಹಿಮದ ಟೈರು ಹಾಕಿಸಿರಲಿಲ್ಲ, ಇನ್ನೂ ಬೇಸಿಗೆಯವೇ ಇದ್ದವು. ಹಿತ್ತಲ ನಲ್ಲಿಯ ನೀರು ಬಂದ್ ಮಾಡಿರಲಿಲ್ಲ, ಪೈಪು ಹಾವಿನಂತೆ ಸುತ್ತಿಕೊಂಡು ಹಿಮದಡಿ ಮಲಗಿತ್ತು. ನಮ್ಮವರು ಬೇಸ್‌ಮೆಂಟಿಗೆ ಓಡಿ ನಲ್ಲಿಯ ವಾಲ್ವು ತಿರುಗಿಸಿದರು. ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪುಣ್ಯಕ್ಕೆ ನೀರು ಹೆಪ್ಪುಗಟ್ಟಿ ಪೈಪೇನೂ ಒಡೆದಿರಲಿಲ್ಲ.

ನನಗೆ ನಲ್ಲಿಯ ಚಿಂತೆ ಇರಲಿಲ್ಲ. ಹೊರಗೆ ಹೋಗಿ ನೋಡಿದೆ. ಒದ್ದೆ ಹಿಮವನ್ನೆಲ್ಲಾ ಕುಡಿದ ಕೌದಿ ಎಮ್ಮೆಕರುವಿನಷ್ಟು ಭಾರವಾಗಿ ನೆಲ ಹಿಡಿದು ಮಲಗಿತ್ತು. ಅದರ ಕೆಳಗೆ ನಾಲ್ಕೂ ಗಿಡ ಲಟಕ್ಕನೆ ಮುರಿದು ಚಪ್ಪಟೆಯಾಗಿದ್ದವು. ಹಳೆಯ ಬೆಡ್‌ಶೀಟು ಹೊದಿಸಿದ ಎರಡು ಗಿಡ, ಕಟ್ಟಿದ್ದ ಗೂಟದ ಆಸರೆಗೆ, ತಲೆಬಾಗಿಯಾದರೂ ನಿಂತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಿಮದ ಕೈಯಲ್ಲಿ ಆ ದೊಣ್ಣೆ ಕೊಟ್ಟವಳು ನಾನೇ. ನನ್ನ ಕಣ್ಣಲ್ಲಿ ನೀರು ಬಂತು. ಗಿಡ ಹೋಗಿತ್ತು, ಕೌದಿ ಹಾಳಾಗಿತ್ತು, ಹಿಮವೂ ಬಿದ್ದಿತ್ತು. ಇನ್ನು ಅವರನ್ನು ನಿಲ್ಲು ಎಂದು ಯಾವ ಬಾಯಲ್ಲಿ ಕೇಳುವುದು?

ತಿರುಗಿದರೆ ಅತ್ತೆ ಗಾಜಿನ ಬಾಗಿಲ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಒಳಗೆ ಬಂದೆ. ಅವರು ಹೊರಗೇ ನೋಡುತ್ತ ಕೇಳಿದರು.

"ಇದ ಏನು ಹಿಮಾ ಅಂದ್ರ?"

"ಹೂಂರಿ."

"ಅಲ್ಲಿ ಬಿದ್ದದ್ದು ನನ್ನ ಕೌದಿ ಅಲ್ಲೇನು?"

ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ. ಫೋನು ಹೇಳಿದ್ದು, ಅಜ್ಜ ಹೇಳಿದ್ದು, ಒಗೆಯಲು ಹಾಕಿದ್ದೇನೆ ಎಂದು ಸುಳ್ಳು ಹೇಳಿದ್ದು. ನಮ್ಮವರು ಹಿಂದೆ ಬಂದು ನಿಂತು, ಟಿಕೆಟ್ ಬೇಕಾದರೆ ಈ ವಾರಕ್ಕೇ ಬದಲಿಸುವೆ ಎಂದು ತಾವೇ ಹೇಳಿಬಿಟ್ಟರು. ನಾನು ಅವರನ್ನು ದುರುಗುಟ್ಟಿ ನೋಡಿದೆ. ಅತ್ತೆ ಗಾಜಿಗೆ ಹಣೆ ಹಚ್ಚಿ ಗಿಡಗಳ ಕಡೆ ನೋಡಿದರು.

"ಕಾಯಿ ಏನಾಗ್ಯಾವು?" ಎಂದರು.

ಯಾರಿಗೆ ಗೊತ್ತು? ನಾನು ಗಿಡ ಮುರಿದದ್ದು ನೋಡಿ ಅಳುತ್ತ ನಿಂತಿದ್ದೆ, ಕಾಯಿ ನೋಡಿರಲೇ ಇಲ್ಲ. ಅತ್ತೆ ಮಗಳ ಬೂಟು ಕೇಳಿದರು. ಮೊಣಕಾಲಿನವರೆಗೆ ಬರುವ ಗುಲಾಬಿ ಬಣ್ಣದ ಬೂಟು, ಎರಡು ಜೊತೆ ಕಾಲುಚೀಲ, ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು, ತಲೆಗೆ ಸೆರಗು ಬಿಗಿದು ಅದರ ಮೇಲೆ ಉಣ್ಣೆಯ ಟೊಪ್ಪಿಗೆ. ಬಾಗಿಲು ದಾಟುವ ಮೊದಲು ಒಂದು ಗಳಿಗೆ ನಿಂತರು. ಸೊಂಟ ಮುರಿದುಕೊಂಡ ಬೀಗಿತ್ತಿ ನೆನಪಾಗಿರಬೇಕು. ಆಮೇಲೆ ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದರಲ್ಲಿ ಕಸಬರಿಗೆ ಹಿಡಿದು, ಮುಂದೆ ಗುಡಿಸುತ್ತ, ಗುಡಿಸಿದ ಜಾಗದಲ್ಲಷ್ಟೇ ಹೆಜ್ಜೆ ಇಡುತ್ತ ಹೊರಟರು. ಬಾಗಿಲಿನಿಂದ ಮುಳಗಾಯಿ ಮಡಿಯವರೆಗೆ ಇರುವುದು ಇಪ್ಪತ್ತು ಹೆಜ್ಜೆ, ನಮಗೆ ಕಾಲು ಗಂಟೆ ಹಿಡಿಯಿತು.

ಮೂವರೂ ಸೇರಿ ಕೌದಿ ಎತ್ತಿದೆವು. ಅದರ ಕೆಳಗೆ, ಮುರಿದ ಟೊಂಗೆಗಳ ನಡುವೆ, ಕಾಯಿ ಹಸಿರಾಗಿ ಹೊಳೆಯುತ್ತ ಕೂತಿದ್ದವು. ಒಂದಕ್ಕೂ ಚಳಿ ತಾಗಿರಲಿಲ್ಲ. ಅತ್ತೆ ಅವನ್ನೂ, ನಿಂತಿದ್ದ ಎರಡು ಗಿಡದ ಕಾಯಿಗಳನ್ನೂ ಹರಿದು ಉಡಿಯಲ್ಲಿ ಹಾಕಿಕೊಳ್ಳುತ್ತ ಎಣಿಸಿದರು. ಹನ್ನೊಂದಕ್ಕೆ ಹನ್ನೊಂದೂ ಇದ್ದವು.

"ಗಿಡಾ ಹೋದ್ರ ಹೋಗ್ಲಿ ಬಿಡು, ಇನ್ನೇನು ಅವು ವರ್ಷಾನಗಟ್ಲೆ ಇರತಿದ್ದಿಲ್ಲ. ಕಾಯಿ ಕಾದೈತಲ್ಲ ಕೌದಿ" ಎಂದರು. ಆಮೇಲೆ ನನ್ನ ಮುಖ ನೋಡಿ, "ಮಾರಿ ಯಾಕ ಹಂಗ ಮಾಡೀ? ನಡೀ, ಒಲಿ ಹಚ್ಚು" ಎಂದು ಗದರಿದರು. ಆ ಗದರಿಕೆ ಕೇಳಿ ನನ್ನ ಜೀವ ಹಗುರವಾಯಿತು. ಟಿಕೆಟ್ಟಿನ ಮಾತಿಗೆ ಮಾತ್ರ ಉತ್ತರ ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಣ್ಣಿಗಾಯಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು, ಮೊಸರು ಹಾಕಿದ ಬಾನ ಎಲ್ಲಾ ಆಯಿತು. ಪಾಂಡವರೇ ಸಿಗಲಿಲ್ಲ. ಬೇಸಿಗೆಯಲ್ಲಿ ಅತ್ತೆ ಐದು ಚಂದದ ಕಲ್ಲು ಆರಿಸಿ ಮಡಿಯ ಅಂಚಿಗೆ ಇಟ್ಟಿದ್ದರು, ಈಗ ಅಂಚು ಯಾವುದು, ಹುಲ್ಲು ಯಾವುದು ತಿಳಿಯುತ್ತಿರಲಿಲ್ಲ. ನಮ್ಮವರು ಸಲಿಕೆ ಹಿಡಿದು ಅರ್ಧ ಗಂಟೆ ಹಿಮ ಕೆದಕಿದರು. ನಾಲ್ವರು ಸಿಕ್ಕರು. ಐದನೆಯವನನ್ನು ಹುಡುಕಿ ಸಾಕಾಗಿ ಕೂಗಿದರು.

"ಯವ್ವಾ, ಸಹದೇವ ಅಜ್ಞಾತವಾಸಕ್ಕ ಹೋಗ್ಯಾನ, ಇಷ್ಟರಾಗ ಮುಗಸೂಣು."

"ಇನ್ನೊಂದಿಷ್ಟು ಕೆದರು. ಒಬ್ಬನ್ನ ಬಿಟ್ಟು ಉಣ್ಣಾಕ ಹ್ಯಾಂಗ ಕುಂದರತಾರ ಅವರು?"

ಕೊನೆಗೆ ಸಹದೇವ ಪೈಪಿನ ಸುರುಳಿಯ ಒಳಗೆ ಸಿಕ್ಕ. ಐವರನ್ನೂ ಹಿಮ ಸರಿಸಿದ ಜಾಗದಲ್ಲಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ನೈವೇದ್ಯ ಮಾಡಿದೆವು. ಆಮೇಲೆ ಚರಗ. ಅತ್ತೆ ಬುಟ್ಟಿ ಹಿಡಿದು ಮುಂದೆ, ನಾನು ತಂಬಿಗೆ ಹಿಡಿದು ಹಿಂದೆ, ನಮ್ಮವರು ಕಸಬರಿಗೆ ಹಿಡಿದು ಎಲ್ಲರಿಗಿಂತ ಮುಂದೆ ದಾರಿ ಮಾಡುತ್ತ. ಅತ್ತೆ "ಹುಲ್ಲುಲ್ಲಿಗೋ" ಎಂದು ಕೂಗಿದ ಕೂಗಿಗೆ ನಾನೇ ಬೆಚ್ಚಿದೆ. ಆರು ತಿಂಗಳಲ್ಲಿ ಅವರು ಈ ಮನೆಯಲ್ಲಿ ಒಮ್ಮೆಯೂ ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ. ನಾನು ನಾಚುತ್ತ ಮೆಲ್ಲಗೆ "ಚಲ್ಲಂಬ್ರಿಗೋ" ಎಂದೆ.

"ಭೂಮಿತಾಯಿ ಹಿಮದ ಕೆಳಗ ಅದಾಳ, ಜೋರಾಗಿ ಅನ್ನು, ಕೇಳಬೇಕು ಆಕಿಗಿ" ಎಂದರು.

ಜೋರಾಗಿ ಅಂದೆ. ಬಾಯಿಂದ ಹೊಗೆ ಬಂತು. ಬಾನದ ಅಗುಳು ಬಿಳಿ ಹಿಮದಲ್ಲಿ ಬಿದ್ದ ಕೂಡಲೇ ಕಾಣದಾಗುತ್ತಿತ್ತು, ಎಣ್ಣಿಗಾಯಿಯ ಕೆಂಪು ಎಣ್ಣೆಯಷ್ಟೇ ನಾವು ನಡೆದ ದಾರಿ ತೋರಿಸುತ್ತಿತ್ತು. ಮೂರನೆಯ ಕೂಗಿಗೆ ಅಂಜೂರಿ ಅಜ್ಜ ಬೇಲಿಯ ಮೇಲೆ ಮುಖ ತೋರಿಸಿದ. ಸಿನ್ಯೋರಾ ಬಿದ್ದು ಕೂಗುತ್ತಿದ್ದಾಳೆಂದು ಗಾಬರಿಯಾಗಿ, ಪಾಪ, ಕುಂಟುತ್ತ ಓಡಿ ಬಂದಿದ್ದ. ನಾನು ಬಿಡಿಸಿ ಹೇಳಿದೆ. ಭೂಮಿ ಬಸುರಿ, ಅವಳಿಗೆ ಇವತ್ತು ಊಟ ಹಾಕುತ್ತೇವೆ ಎಂದೆ. ಅವನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತ. ಅತ್ತೆ ಅವನಿಗೆ ಎರಡು ರೊಟ್ಟಿ, ಒಂದು ಇಡೀ ಮುಳಗಾಯಿ ಬೇಲಿಯ ಮೇಲಿಂದ ಕೊಟ್ಟರು. ಅವನು ಅಲ್ಲೇ ನಿಂತು ತಿಂದ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, ತನ್ನ ಅಂಜೂರದ ಕಡೆ ಕೈ ಮಾಡಿ ಏನೋ ಹೇಳಿದ.

ಅವನ ಕಷ್ಟ ಅವನಿಗೆ. ಅಂಜೂರದ ಗಿಡ ಇಲ್ಲಿಯ ಚಳಿ ತಡೆಯುವುದಿಲ್ಲ. ಅದಕ್ಕೆ ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು, ಒಂದು ಕಡೆಯ ಬೇರು ಕತ್ತರಿಸಿ, ಗಿಡವನ್ನು ಬಗ್ಗಿಸಿ ಉದ್ದನೆಯ ಗುಂಡಿಯಲ್ಲಿ ಮಲಗಿಸಿ, ಹಳೆಯ ಕಂಬಳಿ ಹೊದಿಸಿ ಮಣ್ಣು ಮುಚ್ಚುತ್ತಾನೆ. ವಸಂತ ಬಂದ ಮೇಲೆ ಎಬ್ಬಿಸಿ ನಿಲ್ಲಿಸುತ್ತಾನೆ. ಅವನ ಊರಿನವರೆಲ್ಲಾ ಇಲ್ಲಿ ಹಾಗೇ ಮಾಡುವುದು. ನವೆಂಬರಿನಲ್ಲಿ ಮಾಡಿದರಾಯಿತು ಎಂದುಕೊಂಡಿದ್ದ. ಬರ್ಲಿಂಗ್ಟನ್‌ನಲ್ಲಿರುವ ಮಗ ಆಗ ಬಂದು ಗುಂಡಿ ತೋಡಿಕೊಡುವವನಿದ್ದ. ಹಿಮ ಅಷ್ಟು ದಿನ ಕಾಯಲಿಲ್ಲ. ಮುಂದಿನ ವಾರ ಇನ್ನೂ ಚಳಿ ಬೀಳುತ್ತದೆ ಎಂದು ಅವನ ಮೊಣಕಾಲು ಹೇಳುತ್ತಿತ್ತು.

ನಾನು ಇದನ್ನೆಲ್ಲಾ ಕನ್ನಡಕ್ಕೆ ತಂದಾಗ ಅತ್ತೆ ಬಾಯಿ ತೆರೆದು ಕೇಳಿದರು. "ಜೀವಂತ ಗಿಡಾ ಹೂಳತಾರ? ಮತ್ತ ಏಳತೈತಿ ಅದು?"

ಏಳುತ್ತದೆ, ನಲವತ್ತು ಸಲ ಎದ್ದಿದೆ ಎಂದು ಅಜ್ಜ ಬೆರಳು ತೋರಿಸಿದ.

ಅತ್ತೆ ಮಗನ ಕಡೆ ತಿರುಗಿದರು. "ನಾಳೆ ಐತವಾರ. ನಿನಗ ಏನು ಕೆಲಸಾ ಐತಿ?"

ನಮ್ಮವರಿಗೆ ನಾಳೆ ಟೈರು ಬದಲಿಸುವುದಿತ್ತು. ಅವರು ಅದನ್ನು ಹೇಳಲಿಲ್ಲ.

ಭಾನುವಾರ ಬಿಸಿಲು ಬಿದ್ದು ಹಿಮ ಕರಗಿ ಕಿಚಿಕಿಚಿ ಆಯಿತು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ. ನಮ್ಮವರು ಗುಂಡಿ ತೋಡಿದರು, ಅಜ್ಜ ಬಕೆಟ್ಟಿನ ಮೇಲೆ ಕೂತು ಇಲ್ಲಿ ಅಗೆ, ಅಲ್ಲಿ ಅಗೆ ಎಂದು ಕೋಲು ಆಡಿಸಿದ. ಟೊಂಗೆಗಳನ್ನು ಹಗ್ಗದಿಂದ ಬಿಗಿದು ಮೂವರೂ ಸೇರಿ ಗಿಡವನ್ನು ಮೆಲ್ಲಗೆ ಬಗ್ಗಿಸಿದೆವು. ಅತ್ತೆ ಪಕ್ಕದಲ್ಲಿ ನಿಂತು, ಹೆರಿಗೆಮನೆಯಲ್ಲಿ ಹೇಳುವ ಹಾಗೆ, "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಗಿಡ ಮಲಗಿತು. ಹೊದಿಸಲು ಹೋದರೆ ಅಜ್ಜನ ಹಳೆಯ ಕಂಬಳಿಗಳಿಲ್ಲ. ಬೇಸಿಗೆಯಲ್ಲಿ ಗ್ಯಾರೇಜು ಹಸನು ಮಾಡುವಾಗ ಮಗ ಎಸೆದಿದ್ದನಂತೆ. ಅಜ್ಜ ತನ್ನ ಭಾಷೆಯಲ್ಲಿ ಮಗನಿಗೆ ಬೈದ. ಭಾಷೆ ಬಾರದಿದ್ದರೂ ನಮಗೆಲ್ಲಾ ತಿಳಿಯಿತು.

ಅತ್ತೆ ನಮ್ಮ ಮನೆಯ ಕಡೆ ಹೋದರು, ಈ ಸಲ ನನ್ನ ರಟ್ಟೆ ಹಿಡಿಯದೆ. ಬರುವಾಗ ಅವರ ತೋಳಿನ ಮೇಲೆ ಕೌದಿ ಇತ್ತು. ಡ್ರೈಯರಿನಲ್ಲಿ ಮೂರು ಸಲ ತಿರುಗಿಸಿ ಒಣಗಿಸಿಟ್ಟಿದ್ದೆ. ಹೊಲಿಗೆ ಒಂದೆರಡು ಕಡೆ ಬಿಟ್ಟಿತ್ತು, ಅಷ್ಟೇ.

"ಅತ್ತೀ, ಅದು ಬ್ಯಾಡರಿ! ಮಾವನವರ ಧೋತರಾ ಐತಿ ಅದರಾಗ. ನಾ ಬ್ಯಾರೆ ಏನರೆ ತರತೇನಿ" ಎಂದೆ.

"ನಿನ್ನ ಮಾವಗ ಗಿಡಾ ಅಂದ್ರ ಜೀವ ಇತ್ತು. ಬೈಯೂದಿಲ್ಲ ತಗೋ. ಮೊನ್ನೆ ಕಾಯಿಗಿ ಹೊಚ್ಚಿದಾಕಿ ನೀನ ಅಲ್ಲೇನು?"

ಗುಂಡಿಯ ಅಂಚಿಗೆ ಕೂತು ತಾವೇ ಹೊದಿಸಿದರು. ಅಂಚು ಮಡಚಿ ಬೇರಿನ ಕೆಳಗೆ ಸೇರಿಸಿದರು. ಮೇಲೆ ಟಾರ್ಪಾಲು, ಅದರ ಮೇಲೆ ಹಲಗೆ, ಆಮೇಲೆ ಮಣ್ಣು. ಮೊದಲ ಹಿಡಿ ಮಣ್ಣು ಅವರೇ ಹಾಕಿದರು. ಯಾವಾಗ ಎಬ್ಬಿಸುವುದು ಎಂದು ನನ್ನ ಕೈಲಿ ಕೇಳಿಸಿದರು. ಈಸ್ಟರ್ ಮುಗಿದ ಮೇಲೆ ಎಂದ ಅಜ್ಜ. ಅಂದರೆ ಯಾವಾಗ ಎಂದರು. ಯುಗಾದಿ ಆಗಿ ಸ್ವಲ್ಪ ದಿನಕ್ಕೆ ಎಂದೆ. ಅತ್ತೆ ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದರು. ನಾನು ಅದನ್ನು ನೋಡಿದೆ.

ಸಂಜೆ ಚಹಾಕ್ಕೆ ಕೂತಾಗ ನಮ್ಮವರಿಗೆ ಅದೆಲ್ಲಿಂದ ಧೈರ್ಯ ಬಂತೋ, ಕಪ್ಪಿನೊಳಗೆ ನೋಡುತ್ತ ಶುರು ಮಾಡಿದರು.

"ಯವ್ವಾ, ಟಿಕೆಟ್ಟಿಂದು ಏನು ಮಾಡೂಣು? ಹಿಮಾ ಬಿತ್ತು. ನೀ ಅಂದಿದ್ದಿ…"

"ಅಂದಿದ್ದೆ."

"ಈ ವಾರಕ್ಕ ಸಿಗತೈತಿ. ಇಲ್ಲಾ ಅಂದ್ರ…" ಅಲ್ಲಿಗೆ ಅವರ ಧೈರ್ಯ ಮುಗಿಯಿತು. ನನ್ನ ಕಡೆ ನೋಡಿದರು.

ನಾನು ಬಿಂಕವನ್ನೆಲ್ಲಾ ಕಟ್ಟಿಟ್ಟು ಹೇಳಿದೆ: "ಹೋಗಬ್ಯಾಡರಿ ಅತ್ತೀ. ನೀವಿದ್ರ ನನಗ ಚಲೋ ಅನಸತೈತಿ."

ಅತ್ತೆ ಇಬ್ಬರನ್ನೂ ಒಮ್ಮೆ ನೋಡಿದರು. ಚಹಾ ಬಸಿಗೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು.

"ನನ್ನ ಕೌದಿ ಅಲ್ಲಿ ಆ ಗಿಡದ ಮ್ಯಾಲೆ ಐತಿ. ಅದನ್ನ ಮಂದಿ ಹಿತ್ತಲದಾಗ ಹೂತಿಟ್ಟು ಊರಿಗಿ ಹ್ಯಾಂಗ ಹೋಗ್ಲಿ ನಾ? ಯುಗಾದಿ ಆದ ಮ್ಯಾಲೆ ತಗದು ಕೊಡತೇನಿ ಅಂದಾನ ಅಂಜೂರಿ ಅಜ್ಜ" ಎಂದು ಬಸಿ ಕೆಳಗಿಟ್ಟರು. "ಅಲ್ಲೀತನಾ ಆ ನಿಮ್ಮ ಹಗುರ ಹೊದಿಕಿ ಕೊಡು. ಎರಡು ಕೊಡು, ಒಂದು ಸಾಲೂದಿಲ್ಲ."

ನಾನು ಎರಡು ಕಂಫರ್ಟರು ತರಲು ಮಹಡಿಗೆ ಹೋದೆ. ನಮ್ಮವರು ಎದ್ದು ಜಾಕೆಟ್ಟು ಹಾಕಿಕೊಂಡು ಹೊರಗೆ ನಡೆದರು. ಮೇಲಿನ ಕಿಟಕಿಯಿಂದ ನೋಡಿದೆ. ಹಿಮವೆಲ್ಲಾ ಆಗಲೇ ಕರಗಿ ಹೋಗಿದ್ದ ಡ್ರೈವ್‌ವೇಯನ್ನು ಅವರು ಆ ತುದಿಯಿಂದ ಈ ತುದಿಯವರೆಗೆ ಮತ್ತೊಮ್ಮೆ ಗುಡಿಸುತ್ತಿದ್ದರು.